ಪರದೆಯ ಮೂಲೆ ಬಿಟ್ಟು ಕದಲದ ಲಾಂಛನ

ಪ್ರಶ್ನೆ: ಟಿ.ವಿ.ಯಲ್ಲಿ ಏನು ನೋಡಿದರೂ ವಾಹಿನಿಯ ಲಾಂಛನ ಮೂಲೆಯಲ್ಲಿ ಇದ್ದೇ ಇರುತ್ತದೆ. ಕತ್ತಲ ದೃಶ್ಯಗಳಲ್ಲಂತೂ ಕಣ್ಣು ಅಲ್ಲಿಗೇ ಹೋಗುತ್ತದೆ. ಇದು ಅಗತ್ಯವೇ? ಇದರಿಂದ ಪರದೆಗೆ ಹಾನಿಯಿದೆಯೇ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ನೋಡುಗರು ವಾಹಿನಿಯನ್ನು ಗುರುತಿಸಲಿ, ದೃಶ್ಯವನ್ನು ಕದ್ದು ಬೇರೆಡೆ ಬಳಸಿದರೆ ಅದರ ಮೂಲ ತಿಳಿಯಲಿ ಎಂಬುದು ಲಾಂಛನದ ಉದ್ದೇಶ. ಚಾನೆಲ್ ಬದಲಿಸಿದೊಡನೆ ಸೆಟ್ ಟಾಪ್ ಬಾಕ್ಸ್ ಹೆಸರನ್ನು ತೋರಿಸುವುದರಿಂದ ಮೊದಲ ಕಾರಣದಲ್ಲಿ ಈಗ ಬಲವಿಲ್ಲ. ಎರಡನೆಯದರಲ್ಲಿ ಹುರುಳಿದೆಯಾದರೂ ಅದಕ್ಕೆ ಮಸುಕಾದ, ಅರೆಪಾರದರ್ಶಕ ಗುರುತು ಸಾಕು. ನಟರ ಮುಖದ ಮೇಲೆ ಹೊಳೆಯುವ ಬಣ್ಣದ ಚಿತ್ರ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾನಿಯ ಮಾತು ಪರದೆಯ ಬಗೆಯನ್ನು ಅವಲಂಬಿಸಿದೆ. ಒಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಕು ಸೂಸುವ ಸಾವಯವ ವಸ್ತುವಿನಿಂದ ಆಗಿದ್ದು, ಹೆಚ್ಚು ಬೆಳಗಿದ ಚುಕ್ಕಿ ಬೇಗ ಸವೆಯುವುದರಿಂದ, ಒಂದೇ ವಾಹಿನಿಯನ್ನು ತಿಂಗಳುಗಟ್ಟಲೆ, ದಿನವೂ ಬಹಳ ಹೊತ್ತು ನೋಡುವ ಮನೆಗಳಲ್ಲಿ ಲಾಂಛನದ ಆಕಾರದ ಕಲೆಯೊಂದು ನಿಧಾನವಾಗಿ ಉಳಿದುಬಿಡಬಹುದು. ಪರದೆಯ ತುಂಬ ಒಂದೇ ತಿಳಿ ಬಣ್ಣ ಬಂದಾಗ ಆ ನೆರಳು ಎದ್ದು ಕಾಣುತ್ತದೆ. ಹಳೆಯ ಪ್ಲಾಸ್ಮಾ ಟಿ.ವಿ.ಗಳಿಗೂ ಈ ತೊಂದರೆಯಿತ್ತು. ಹಿಂಬದಿಯ ದೀಪದಿಂದ ಬೆಳಗುವ ಎಲ್‌ಸಿಡಿ ಪರದೆಗಳಲ್ಲಿ ಇಂಥ ಶಾಶ್ವತ ಕಲೆ ಅಪರೂಪ.

ನಿಮ್ಮದು ಒಎಲ್‌ಇಡಿಯಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಹುಡುಕಿ: ಲಾಂಛನವಿರುವ ಭಾಗದ ಹೊಳಪನ್ನು ಮಾತ್ರ ತಗ್ಗಿಸುವ, ಇಡೀ ಚಿತ್ರವನ್ನು ಆಗಾಗ ಕೂದಲೆಳೆಯಷ್ಟು ಸರಿಸುವ ಸೌಲಭ್ಯಗಳು ಹಲವು ಟಿ.ವಿ.ಗಳಲ್ಲಿವೆ. ಅವನ್ನು ಆಫ್ ಮಾಡದೆ ಬಿಡಿ. ಚಿತ್ರವನ್ನು ಹಿಗ್ಗಿಸಿ ಲಾಂಛನವನ್ನು ಪರದೆಯಾಚೆ ತಳ್ಳಲು ಕೆಲವರು ಯತ್ನಿಸುತ್ತಾರೆ. ಆಗ ಕೆಳಗಿನ ಉಪಶೀರ್ಷಿಕೆಯೂ ಕತ್ತರಿಸಿಹೋಗುತ್ತದೆ.