ಪುರಾತತ್ವ ಓದೋಕೆ ಮಾನವಶಾಸ್ತ್ರ ಯಾಕೆ?

ಇತಿಹಾಸದಲ್ಲಿ ಪದವಿ ಮುಗಿದಿದೆ, ಪುರಾತತ್ವದಲ್ಲಿ ಸ್ನಾತಕೋತ್ತರ ಓದಬೇಕು, ಆದರೆ ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ಮಾನವಶಾಸ್ತ್ರ ವಿಭಾಗದೊಳಗೆ ಇದೆಯಲ್ಲ, ಅದೂ ಓದಲೇಬೇಕಾ ಎಂದು ಕೇಳಿದ್ದೀರಿ. ನಾನು ಅಂಥದ್ದೇ ವಿಭಾಗದಲ್ಲಿ ಓದಿದವನು. ಖಂಡಿತ ಓದಿ, ಮನಸ್ಸಿಟ್ಟು ಓದಿ.

ಹೀಗೆ ಒಟ್ಟಿಗಿರುವುದು ಮುಖ್ಯವಾಗಿ ಅಮೆರಿಕದ ಪದ್ಧತಿ. ಅಲ್ಲಿ ಸಂಸ್ಕೃತಿ, ಭಾಷೆ, ಮನುಷ್ಯನ ದೇಹ, ಪುರಾತತ್ವ ಈ ನಾಲ್ಕೂ ಮಾನವಶಾಸ್ತ್ರದ ಕವಲುಗಳು. ಬ್ರಿಟನ್‌ನಲ್ಲಿ ಹೆಚ್ಚಾಗಿ ಪುರಾತತ್ವಕ್ಕೆ ಅದರದೇ ವಿಭಾಗ ಇರುತ್ತದೆ, ಇಲ್ಲವೇ ಇತಿಹಾಸದ ಜೊತೆ ಇರುತ್ತದೆ.

ನೆಲದಲ್ಲಿ ಸಿಗುವುದು ವಸ್ತು. ನಮಗೆ ಬೇಕಾಗಿರುವುದು ಮನುಷ್ಯ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಪುರಾತತ್ವ ಮಾನವಶಾಸ್ತ್ರದ ಪ್ರಶ್ನೆಗಳನ್ನೇ ಕೇಳಬೇಕು ಎಂದು 1962ರಲ್ಲಿ ವಾದಿಸಿದ್ದ ಅಮೆರಿಕದ ಪುರಾತತ್ವಜ್ಞ ಲೂಯಿಸ್ ಬಿನ್‌ಫೋರ್ಡ್, ಆಮೇಲೆ ಅಲಾಸ್ಕಾದ ನೂನಮ್ಯುಟ್ ಬೇಟೆಗಾರರ ಜೊತೆ ಹೋಗಿ ಕೂತರು. ಬೇಟೆಗೆ ಕಾಯುತ್ತಾ ಗಂಡಸರು ಒಲೆಯ ಸುತ್ತ ಕೂರುತ್ತಿದ್ದರು, ಮೂಳೆ ಒಡೆದು ಮಜ್ಜೆ ತಿನ್ನುತ್ತಿದ್ದರು. ಸಣ್ಣ ಚೂರುಗಳು ಕೂತಲ್ಲೇ ಬೀಳುತ್ತಿದ್ದವು. ದೊಡ್ಡ ತುಂಡುಗಳನ್ನು ಬೆನ್ನ ಹಿಂದಕ್ಕೋ ಒಲೆಯಾಚೆಗೋ ಎಸೆಯುತ್ತಿದ್ದರು. ಎಲ್ಲರೂ ಎದ್ದು ಹೋದ ಮೇಲೂ ಅವರು ಎಲ್ಲಿ ಕೂತಿದ್ದರು ಎಂಬುದು ಆ ಚೂರುಗಳಲ್ಲೇ ಕಾಣುತ್ತಿತ್ತು! ಸಾವಿರಾರು ವರ್ಷ ಹಳೆಯ ಒಲೆಯೊಂದರ ಸುತ್ತ ಅಂಥದ್ದೇ ಎರಡು ವಲಯ ಕಂಡರೆ, ಈಗ ನೀವು ಅದನ್ನು ಬೇರೆ ಕಣ್ಣಿನಿಂದ ನೋಡುತ್ತೀರಿ, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ ಬೇಕು. ನೂನಮ್ಯುಟ್ ಜನ ಹಿಮಯುಗದವರ ಪಳೆಯುಳಿಕೆಯಲ್ಲ, ಅವರ ಕೈಯಲ್ಲಿ ಬಂದೂಕು ಇತ್ತು. ಒಲೆ ಸುತ್ತ ಕೂತ ದೇಹ ಕಸವನ್ನು ಹೇಗೆ ಬಿಡುತ್ತದೆ ಎಂಬುದನ್ನು ಹೋಲಿಸಬಹುದು. ಅವರ ನಂಬಿಕೆಗಳನ್ನು ತಂದು ಹಳಬರ ಮೇಲೆ ಹೊರಿಸುವ ಹಾಗಿಲ್ಲ. ಈ ಗೆರೆ ಎಲ್ಲಿದೆ ಎಂದು ನನಗೆ ಕಲಿಸಿದ್ದು ಮಾನವಶಾಸ್ತ್ರದ ತರಗತಿಗಳೇ.

ಲಾಭ ಒಂದೇ ಕಡೆಗಲ್ಲ, ಪುರಾತತ್ವದಿಂದ ಮಾನವಶಾಸ್ತ್ರಕ್ಕೂ ಇದೆ. 1973ರಲ್ಲಿ ಪುರಾತತ್ವಜ್ಞ ವಿಲಿಯಂ ರಾಥ್ಜೆ ಅರಿಜೋನಾದ ಟೂಸಾನ್‌ನಲ್ಲಿ ಮನೆಗಳ ಕಸವನ್ನು ಪುರಾತತ್ವದ ರೀತಿಯಲ್ಲೇ ವಿಂಗಡಿಸಲು ಶುರು ಮಾಡಿದರು. ಜನ ಕುಡಿಯುತ್ತೇವೆ ಎಂದು ಹೇಳಿದ್ದಕ್ಕಿಂತ ಜಾಸ್ತಿ ಬಿಯರ್ ಡಬ್ಬಿಗಳು ಕಸದಲ್ಲಿ ಸಿಕ್ಕವು. ಬರೀ ಸಂದರ್ಶನದಲ್ಲಿ ಇದು ಹೊರಬೀಳುತ್ತಿರಲಿಲ್ಲ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ಅಗೆದು ತೆಗೆದ ಅಸ್ಥಿಗಳಿಗೆ ಬದುಕಿರುವ ವಾರಸುದಾರರು ಇರಬಹುದು. ಅಮೆರಿಕದಲ್ಲಿ 1990ರ ಕಾನೂನು ಮೂಲನಿವಾಸಿಗಳ ಅಸ್ಥಿ ಹಾಗೂ ಪವಿತ್ರ ವಸ್ತುಗಳನ್ನು ಅವರಿಗೇ ಮರಳಿಸುವ ಹೊಣೆಯನ್ನು ಮ್ಯೂಸಿಯಂಗಳ ಮೇಲೆ ಹಾಕಿತು. ಆ ಜನರ ಜೊತೆ ಕೂತು ಮಾತಾಡಲು ಬರದಿದ್ದರೆ ಸಲಿಕೆ ಹಿಡಿಯುವ ಹಕ್ಕೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇತಿಹಾಸದ ಪದವಿ ಅಡ್ಡಿಯಾಗುವುದಿಲ್ಲ. ಅರ್ಜಿ ಹಾಕುವ ಮುಂಚೆ ಒಂದು ಉತ್ಖನನದಲ್ಲಿ ಕೆಲಸ ಮಾಡಿ. ಸುಮ್ನೆ ವಿಭಾಗದ ಹೆಸರು ನೋಡಬೇಡಿ, ನಿಮಗೆ ಮಾರ್ಗದರ್ಶನ ಮಾಡಬಹುದಾದವರ ಇತ್ತೀಚಿನ ಲೇಖನಗಳನ್ನು ಓದಿ. ಅರ್ಜಿಯಲ್ಲಿ ಹಳೆಯ ವಸ್ತುಗಳೆಂದರೆ ಇಷ್ಟ ಎಂದು ಬರೆಯುವುದಕ್ಕಿಂತ, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂದು ಬರೆಯಿರಿ.