ಟರ್ಮಿನಲ್‌ನಲ್ಲಿ ಅಳಿಸಿದ ಫೈಲ್ ಟ್ರ್ಯಾಶ್‌ನಲ್ಲಿ ಏಕೆ ಸಿಗುವುದಿಲ್ಲ?

ಲಿನಕ್ಸ್‌ನಲ್ಲಿ ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ಅಳಿಸುವುದು, ಟ್ರ್ಯಾಶ್‌ಗೆ ಹಾಕುವುದು, ಇವೆರಡೂ ಬೇರೆ ಬೇರೆ ಕೆಲಸಗಳು. ಫೈಲ್ ಮ್ಯಾನೇಜರ್‌ನಲ್ಲಿ ಡಿಲೀಟ್ ಒತ್ತಿದರೆ ಫೈಲ್ ಅಳಿಯುವುದೇ ಇಲ್ಲ, ಟ್ರ್ಯಾಶ್ ಫೋಲ್ಡರ್‌ಗೆ ಸರಿಯುತ್ತದೆ. ಮೊದಲು ಎಲ್ಲಿತ್ತು, ಯಾವಾಗ ತೆಗೆದದ್ದು ಎಂಬುದು ಒಂದು ಪುಟ್ಟ ಫೈಲ್‌ನಲ್ಲಿ ದಾಖಲಾಗುತ್ತದೆ. ರೀಸ್ಟೋರ್ ಸಾಧ್ಯವಾಗುವುದು ಅದರಿಂದಲೇ. ಟರ್ಮಿನಲ್‌ನಲ್ಲಿ ಫೈಲ್ ಅಳಿಸುವ ಆರ್‌ಎಂ (rm) ಕಮಾಂಡ್ ಹಾಗಲ್ಲ, ಫೋಲ್ಡರ್‌ನ ಪಟ್ಟಿಯಿಂದ ಹೆಸರನ್ನೇ ಕಿತ್ತುಹಾಕುತ್ತದೆ. ಬೇರೆ ಹಾರ್ಡ್ ಲಿಂಕ್ (ಅದೇ ಫೈಲ್‌ಗಿರುವ ಇನ್ನೊಂದು ಹೆಸರು) ಇಲ್ಲದಿದ್ದರೆ, ಯಾವ ಪ್ರೋಗ್ರಾಮೂ ಆ ಫೈಲನ್ನು ತೆರೆದಿಟ್ಟುಕೊಂಡಿರದಿದ್ದರೆ, ಡಿಸ್ಕ್‌ನ ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಖಾಲಿಯಾದ ಜಾಗ ಯಾವುದೆಂದು ಡಿಸ್ಕ್‌ಗೆ ತಿಳಿಸುವ ಕ್ರಿಯೆ) ನಡೆದ ಮೇಲಂತೂ ವಾಪಸ್ ಪಡೆಯುವ ಆಸೆ ಬಿಡಬೇಕು.

ಅನಾಹುತಕ್ಕೆ ಒಂದು ಸ್ಪೇಸ್ ಸಾಕು. ಎಲ್ಲ ಟೆಕ್ಸ್ಟ್ ಫೈಲ್‌ಗಳನ್ನು ಅಳಿಸಲು ‘rm *.txt’ ಎಂದು ಬರೆಯುವಾಗ ನಕ್ಷತ್ರ ಚಿಹ್ನೆಗೂ ಡಾಟ್ ಟಿಎಕ್ಸ್‌ಟಿಗೂ ನಡುವೆ ಅದು ನುಸುಳಿದರೆ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ನಕ್ಷತ್ರವನ್ನು ಬಿಡಿಯಾಗಿ ಓದಿ, ಮರೆಯಾಗಿಟ್ಟವನ್ನು ಬಿಟ್ಟು ಆ ಫೋಲ್ಡರ್‌ನ ಎಲ್ಲ ಫೈಲ್‌ಗಳ ಹೆಸರನ್ನೂ ಆರ್‌ಎಂ ಕೈಗೆ ಕೊಡುತ್ತದೆ. ಹಾಗಾಗಿ ಅದೇ ನಮೂನೆಯನ್ನು ಮೊದಲು ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ (ls) ಕಮಾಂಡ್‌ಗೆ ಕೊಟ್ಟು ಪಟ್ಟಿ ನೋಡಿಕೊಳ್ಳಿ. ಆರ್‌ಎಂಗೆ ಕ್ಯಾಪಿಟಲ್ ಐ (-I) ಆಯ್ಕೆ ಸೇರಿಸಿದರೆ 3ಕ್ಕಿಂತ ಹೆಚ್ಚು ಫೈಲ್‌ಗಳಿದ್ದಾಗ ಅಳಿಸಲೇ ಎಂದು ಒಮ್ಮೆ ಕೇಳುತ್ತದೆ. ಸ್ಮಾಲ್ ಐ ಪ್ರತಿ ಫೈಲ್‌ಗೂ ಕೇಳುತ್ತದೆ. ಬೇಸತ್ತು ಓದದೆಯೇ ವೈ ಒತ್ತುವುದು ಅಭ್ಯಾಸವಾಗುತ್ತದೆ, ಆದ್ದರಿಂದ ಮೊದಲನೆಯದೇ ಮೇಲು. ಗ್ನೋಮ್ ಡೆಸ್ಕ್‌ಟಾಪ್ ಇದ್ದರೆ ಆರ್‌ಎಂ ಬದಲು ‘ಜಿಐಓ ಟ್ರ್ಯಾಶ್’ (gio trash) ಕಮಾಂಡ್ ಬಳಸಿ; ಫೈಲ್ ನೇರ ಟ್ರ್ಯಾಶ್‌ಗೆ ಹೋಗುತ್ತದೆ.