ವೆಲ್ಲಿಂಗ್ಟನ್ ಜಲಾಶಯದ ಉಪ್ಪಿಗೆ ಜನರ ತೆರಿಗೆ ದುಡ್ಡು ಯಾಕೆ?

ಪಶ್ಚಿಮ ಆಸ್ಟ್ರೇಲಿಯಾದ ವೆಲ್ಲಿಂಗ್ಟನ್ ಅಣೆಕಟ್ಟಿನ ನೀರು ಉಪ್ಪಾಗಿದ್ದಕ್ಕೆ ಅದನ್ನು ಬಳಸುವ ರೈತರೇ ಖರ್ಚು ಕೊಡಲಿ ಎಂದು ಕೇಳಿದ್ದೀರಿ. ನನಗೆ ಅದು ಸರಿ ಅನ್ನಿಸುವುದಿಲ್ಲ. ಉಪ್ಪು ಬಂದಿದ್ದು ಅಣೆಕಟ್ಟಿಗೆ ನೀರು ತರುವ ಕಾಲಿ ನದಿಯ ಮೇಲ್ಭಾಗದಿಂದ. ಅಲ್ಲಿ ಆಳಕ್ಕೆ ಬೇರಿಳಿಸುವ ಮರ ಕಡಿದು ಹುಲ್ಲುಗಾವಲು ಮಾಡಿದರು. ನೀರು ಹೀರುವ ಮರಗಳಿಲ್ಲದೆ ನೆಲದಡಿಯ ನೀರು ಏರಿತು, ಜೊತೆಗೆ ಮಣ್ಣಿನ ಉಪ್ಪೂ ಮೇಲೆ ಬಂತು. ಕೆಳಗಿನ ರೈತನ ತಪ್ಪೇನಿದೆ, ಅಲ್ವಾ?

1976ರಲ್ಲಿ ಸರ್ಕಾರ ಮರ ಕಡಿಯೋದಕ್ಕೆ ಕಡಿವಾಣ ಹಾಕಿ ಜಮೀನಿನವರಿಗೆ ಪರಿಹಾರ ಕೊಟ್ಟಿತು. ಆಮೇಲೆ ಗಿಡವನ್ನೂ ನೆಡಿಸಿತು. ಮಳೆಗಾಲದ ಉಪ್ಪುನೀರು ಭಾರ ಜಾಸ್ತಿ, ಜಲಾಶಯದ ತಳಕ್ಕಿಳಿಯುತ್ತೆ. ಅದನ್ನು ಅಡಿಯ ತೂಬಿನಿಂದ ಹೊರಬಿಡ್ತಾರೆ. ನದಿಯ ಉಪ್ಪುನೀರನ್ನು ತಿರುಗಿಸಿ ಸಿಹಿ ಮಾಡುವ ಯೋಜನೆಗೆ ಒಕ್ಕೂಟ ಸರ್ಕಾರ 14 ಕೋಟಿ ಡಾಲರ್ ಅನುದಾನ ಘೋಷಿಸಿತ್ತು. ಇಷ್ಟು ದೊಡ್ಡ ಕೆಲಸ ರೈತರ ನೀರಿನ ಕಂದಾಯದಿಂದ ಆಗೋದಲ್ಲ.